ರಾಕೆಟ್ ಹಾರಿದ ಕೂಡಲೇ ಟಿವಿ ಚಾನೆಲ್ ಬದಲಾಯಿಸುವವರಿಗೆ: ಕೆಲಸ ಶುರುವಾಗುವುದು ಆಮೇಲೆ, ನಮ್ಮ ಹಾಸನದಲ್ಲಿ

ಸಾಲಗಾಮೆ_ಸೀನ
ಭಾನುವಾರ ಸಂಜೆ ಎಲ್ಲರೂ ನೋಡಿರುತ್ತೀರಿ. ರಾಜ್ಯೋತ್ಸವದ ಮಾರನೇ ದಿನ, 2025ರ ನವೆಂಬರ್ 2, ಸಂಜೆ 5 ಗಂಟೆ 26 ನಿಮಿಷಕ್ಕೆ ಶ್ರೀಹರಿಕೋಟಾದಿಂದ ಎಲ್‌ವಿಎಂ3 ರಾಕೆಟ್ ಹೊರಟಿತು. ಮೇಲೆ ಸಿಎಂಎಸ್-03 ಎಂಬ ಉಪಗ್ರಹ, 4410 ಕೆಜಿ. ನೌಕಾಪಡೆಯ ಮಾತುಕತೆಗೆಂದು ಮಾಡಿದ್ದು. ನಮ್ಮ ನೆಲದಿಂದ ಭೂಸ್ಥಿರ ಕಕ್ಷೆಯ (ಕೆಳಗಿನಿಂದ ನೋಡಿದರೆ ಉಪಗ್ರಹ ನಿಂತಲ್ಲೇ ನಿಂತ ಹಾಗೆ ಕಾಣುವ ಕಕ್ಷೆ) ದಾರಿ ಹಿಡಿದ ಉಪಗ್ರಹಗಳಲ್ಲಿ ಇಷ್ಟು ಭಾರದ್ದು ಇದೇ ಮೊದಲು. ಸುಮಾರು ಹದಿನಾರು ನಿಮಿಷಕ್ಕೆ ಉಪಗ್ರಹ ಬೇರ್ಪಟ್ಟಿತು, ಚಪ್ಪಾಳೆ ಬಿತ್ತು, ಭಾಷಣ ಶುರುವಾಯಿತು, ನಮ್ಮ ಮನೆಯಲ್ಲಿ ಧಾರಾವಾಹಿ ಬಂತು.

ನನ್ನ ತಕರಾರು ಇಲ್ಲೇ ಇರುವುದು. ಆ ಹದಿನಾರು ನಿಮಿಷ ಮದುವೆ ಮನೆಯ ವಾಲಗ ಇದ್ದ ಹಾಗೆ. ಸಂಸಾರ ಶುರುವಾಗುವುದು ಆಮೇಲೆ. ಉಪಗ್ರಹ ಇನ್ನೂ ತನ್ನ ಜಾಗಕ್ಕೆ ಹೋಗಿಯೇ ಇರುವುದಿಲ್ಲ. ಅದನ್ನು ಮೇಲೆ ಹತ್ತಿಸಿ, ಅದರ ಸೌರಫಲಕದ ರೆಕ್ಕೆ ಬಿಚ್ಚಿಸಿ, ಆಂಟೆನಾದ ಕೊಡೆ ಬಿಚ್ಚಿಸಿ, ಸರಿಯಾದ ಜಾಗದಲ್ಲಿ ನಿಲ್ಲಿಸುವುದು ಹಾಸನದ ಎಂಸಿಎಫ್. ಪೂರ್ತಿ ಹೆಸರು ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ. ಸಾಲಗಾಮೆ ರಸ್ತೆಯಲ್ಲಿದೆ, 1982ರಿಂದ.

ನಮ್ಮ ಸೋದರಮಾವನ ಟೀ ಅಂಗಡಿ ಅದೇ ರಸ್ತೆಯಲ್ಲಿ. ಚಿಕ್ಕವನಿದ್ದಾಗ ಆ ದೊಡ್ಡ ದೊಡ್ಡ ಬಿಳಿ ಡಿಶ್‌ಗಳನ್ನು ನೋಡಿ, ಇವು ಮಳೆನೀರು ಹಿಡಿಯುವುದಕ್ಕೆ ಇರಬೇಕು ಅಂದುಕೊಂಡಿದ್ದೆ. ಮಾವ ಮಾತ್ರ ಪಕ್ಕಾ. ರಾಕೆಟ್ ಬಿಟ್ಟ ಮೇಲೆ ಒಂದು ವಾರ ಬನ್ ಜಾಸ್ತಿ ತರಿಸಿ ಇಡುತ್ತಿದ್ದ. ಯಾಕೆ ಅಂತ ಕೇಳಿದರೆ, "ಅವರಿಗೆ ಈ ವಾರ ಹೊತ್ತುಗೊತ್ತು ಇರಲ್ಲ ಕಣೋ" ಎನ್ನುತ್ತಿದ್ದ. ಪೇಪರ್ ಓದದೆ ರಾಕೆಟ್ ಸುದ್ದಿ ಗೊತ್ತಾಗುತ್ತಿದ್ದದ್ದು ನನಗೆ ಬನ್ನಿನ ಲೆಕ್ಕದಿಂದ.

ಈ "ಆಮೇಲಿನ" ಕತೆ ಕನ್ನಡದಲ್ಲಿ ಬರೆಯುವವರು ಕಡಿಮೆ. ಗೊತ್ತಿರುವವರು ಬರೆಯಿರಿ.

ಸಿಂಪಲ್_ಗೌಡ
ಅಂದರೆ ಎತ್ತು ಕೊಂಡದ್ದು ಆಂಧ್ರದ ಸಂತೆಯಲ್ಲಿ, ಉಳುವುದು ಹಾಸನದಲ್ಲಿ. ಸರಿಯಾಗಿದೆ.

ತೋಟದ_ಮನೆ
ಸೀನಣ್ಣ, ಬೇಜಾರು ಮಾಡಿಕೊಳ್ಳಬೇಡಿ. ನಾನು ಸಕಲೇಶಪುರದ ಕಡೆಯವನು, ನಿಮ್ಮ ಜಿಲ್ಲೆಯವನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆ ಟಿವಿಯಲ್ಲಿ ಬರುವ ಒಂದೇ ಕಾರ್ಯಕ್ರಮ "ಸಿಗ್ನಲ್ ಇಲ್ಲ". ಮೇಲೆ ಇಷ್ಟೆಲ್ಲ ಉಪಗ್ರಹ ಇಟ್ಟುಕೊಂಡು ಒಂದು ಮಳೆ ತಡೆಯುವುದಿಲ್ಲ ಅಂದರೆ ಏನರ್ಥ? ಅದೂ ಅಲ್ಲದೆ ಈಗ ಫೈಬರ್ ಬಂದಿದೆ, ಕೆಳಗೇ ಸುತ್ತುವ ಸಾವಿರಾರು ಪುಟ್ಟ ಉಪಗ್ರಹಗಳ ಇಂಟರ್ನೆಟ್ ಬರುತ್ತಿದೆ. 36 ಸಾವಿರ ಕಿಮೀ ಮೇಲೆ ಹೋಗಿ ಕೂರುವ ಹಳೇ ಕಾಲದ ವ್ಯವಸ್ಥೆ ಯಾಕೆ ಬೇಕು? ಗೊತ್ತಿಲ್ಲದೆ ಕೇಳುತ್ತಿದ್ದೇನೆ, ಜಗಳಕ್ಕಲ್ಲ.

ಪಿಯು_ಮೇಷ್ಟ್ರು
ಒಳ್ಳೆಯ ಪ್ರಶ್ನೆ, ಮಳೆಗೆ ಆಮೇಲೆ ಬರುತ್ತೇನೆ. ಮೊದಲು ಆ 36 ಸಾವಿರ ಯಾಕೆ ಅನ್ನುವುದು.

ಗಾಣ ನೋಡಿದ್ದೀರಾ? ಎತ್ತು ಸುತ್ತುತ್ತಿರುತ್ತದೆ, ಹಲಗೆ ಮೇಲೆ ಒಬ್ಬ ಹುಡುಗ ಕೂತಿರುತ್ತಾನೆ. ಆ ಹುಡುಗನನ್ನು ಕೇಳಿ, ಎತ್ತು ಎಲ್ಲಿದೆ ಅಂತ. ಯಾವಾಗ ಕೇಳಿದರೂ "ಇಲ್ಲೇ ಮುಂದೆ" ಎನ್ನುತ್ತಾನೆ. ಹೊರಗೆ ನಿಂತವನಿಗೆ ಇಬ್ಬರೂ ಗಿರಗಿರ ಸುತ್ತುತ್ತಿರುವುದು ಕಾಣುತ್ತದೆ. ಭೂಸ್ಥಿರ ಅಂದರೆ ಅಷ್ಟೇ. ಉಪಗ್ರಹ ನಿಂತಿಲ್ಲ, ಸೆಕೆಂಡಿಗೆ 3 ಕಿಮೀಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಓಡುತ್ತಿದೆ. ಆದರೆ ಭೂಮಿ ಒಂದು ಸುತ್ತು ತಿರುಗುವ 23 ಗಂಟೆ 56 ನಿಮಿಷದಲ್ಲೇ ಅದೂ ಒಂದು ಸುತ್ತು ಮುಗಿಸುತ್ತದೆ. ಅದಕ್ಕೆ ನಿಮ್ಮ ಛಾವಣಿಯ ಡಿಶ್‌ಗೆ ಕತ್ತು ತಿರುಗಿಸುವ ಕೆಲಸ ಇಲ್ಲ. ಒಂದು ಸಲ ನಟ್ಟು ಬಿಗಿದರೆ ಮುಗಿಯಿತು.

ಕೆಳಗಿದ್ದರೆ ಬೇಗ ಸುತ್ತಬೇಕು, ಮೇಲಿದ್ದರೆ ನಿಧಾನ. ಸರಿಯಾಗಿ ಒಂದು ದಿನದ ಸುತ್ತು ಬೀಳುವುದು 35,786 ಕಿಮೀ ಎತ್ತರದಲ್ಲಿ, ಅದೂ ಸಮಭಾಜಕದ ನೇರ ಮೇಲೆ ಮಾತ್ರ. ಕರ್ನಾಟಕದ ನೆತ್ತಿ ಮೇಲೆಯೇ ಒಂದನ್ನು ನಿಲ್ಲಿಸಿ ಅಂದರೆ ಆಗುವುದಿಲ್ಲ. ಜಗತ್ತಿನ ಎಲ್ಲ ದೇಶದವರಿಗೂ ಇರುವುದು ಅದೊಂದೇ ಉಂಗುರ. ಸಂತೆ ಬೀದಿಯಲ್ಲಿ ಅಂಗಡಿ ಜಾಗ ಹಂಚಿದ ಹಾಗೆ ಅದನ್ನು ರೇಖಾಂಶದ ಡಿಗ್ರಿ ಲೆಕ್ಕದಲ್ಲಿ ಹಂಚಿಕೊಂಡಿದ್ದಾರೆ. 74 ಡಿಗ್ರಿ, 83 ಡಿಗ್ರಿ, 93.5 ಡಿಗ್ರಿ ಹೀಗೆ.

ಈಗ ಸೀನ ಹೇಳಿದ ವಿಷಯ. ರಾಕೆಟ್ ಉಪಗ್ರಹವನ್ನು ಆ ಉಂಗುರಕ್ಕೆ ಬಿಡುವುದಿಲ್ಲ. ಒಂದು ಉದ್ದನೆ ಮೊಟ್ಟೆ ಆಕಾರದ ದಾರಿಗೆ ಬಿಡುತ್ತದೆ. ಒಂದು ತುದಿ ಭೂಮಿಗೆ 170 ಕಿಮೀ ಹತ್ತಿರ, ಇನ್ನೊಂದು ತುದಿ 36 ಸಾವಿರದ ಆಸುಪಾಸು. ಕೆಳಗೆ ಬಂದಾಗ ಸೆಕೆಂಡಿಗೆ 10 ಕಿಮೀ ವೇಗ, ಮೇಲೆ ಹೋದಾಗ ಬರೀ 1.6. ಮೇಲೆ ಹೋದಾಗ ತೆವಳುತ್ತಿರುತ್ತದೆ ಅನ್ನಿ. ಆ ಮೇಲಿನ ತುದಿಯಲ್ಲೇ ಉಪಗ್ರಹದ ಸ್ವಂತ ಎಂಜಿನ್ ಹೊತ್ತಿಸಬೇಕು. ಅಲ್ಲಿ ತಳ್ಳಿದರೆ ಕೆಳಗಿನ ತುದಿ ಮೇಲೇರುತ್ತದೆ. ಎರಡು ಮೂರು ಸಲ ತಳ್ಳಿ ಮೊಟ್ಟೆಯನ್ನು ದುಂಡಗೆ ಬಳೆ ಮಾಡಬೇಕು.

ಆ ಎಂಜಿನ್‌ಗೆ ಲ್ಯಾಮ್ ಅನ್ನುತ್ತಾರೆ, ಲಿಕ್ವಿಡ್ ಅಪೊಜಿ ಮೋಟಾರ್. ನಮ್ಮ ಉಪಗ್ರಹಗಳಲ್ಲಿ ಅದರ ಬಲ 440 ನ್ಯೂಟನ್. ನನ್ನ ಕ್ಲಾಸಿನ ಹುಡುಗರಿಗೆ ಹೀಗೆ ಹೇಳುತ್ತೇನೆ: 45 ಕೆಜಿ ಅಕ್ಕಿ ಮೂಟೆ ಹಿಡಿದೆತ್ತಲು ಎಷ್ಟು ಬಲ ಬೇಕೋ ಅಷ್ಟು. ಅಷ್ಟರಲ್ಲಿ ನಾಲ್ಕು ಟನ್ ತೂಕದ ವಸ್ತುವನ್ನು ತಳ್ಳಬೇಕು. ಅದಕ್ಕೆ ಒಂದೊಂದು ಸಲ ಒಂದು ಗಂಟೆ ಹೆಚ್ಚುಕಡಿಮೆ ಉರಿಸುತ್ತಾರೆ.

ಸಾಲಗಾಮೆ_ಸೀನ
ಮೇಷ್ಟ್ರೇ, ಅಕ್ಕಿ ಮೂಟೆ ಲೆಕ್ಕ ಮಾವನಿಗೆ ಹೇಳಿದೆ. "ಅಷ್ಟೇನಾ?" ಎಂದ. ಅವನ ಪಾಲಿಗೆ ಇಸ್ರೋ ಮರ್ಯಾದೆ ಸ್ವಲ್ಪ ಕಡಿಮೆಯಾಯಿತು.

ಸಿಂಪಲ್_ಗೌಡ
ಒಂದು ಡೌಟು. ಎಲ್‌ವಿಎಂ3 ಈ ಕಕ್ಷೆಗೆ 4 ಟನ್ ಹೊರುತ್ತದೆ ಅಂತ ಎಲ್ಲ ಕಡೆ ಬರೆದಿದ್ದಾರೆ. ಇದು 4.4 ಟನ್. ಓವರ್‌ಲೋಡ್ ಲಾರಿ ಚೆಕ್‌ಪೋಸ್ಟ್ ಹೇಗೆ ದಾಟಿತು?

ಪಿಯು_ಮೇಷ್ಟ್ರು
ಲಾರಿ ಪೂರ್ತಿ ಊರವರೆಗೆ ಹೋಗಲಿಲ್ಲ, ಸ್ವಲ್ಪ ಹಿಂದಿನ ಸ್ಟಾಪ್‌ನಲ್ಲೇ ಇಳಿಸಿತು. ಮೊಟ್ಟೆಯ ಮೇಲಿನ ತುದಿಯನ್ನು 36 ಸಾವಿರದ ಬದಲು 30 ಸಾವಿರ ಕಿಮೀ ಹತ್ತಿರ ಇಟ್ಟುಕೊಂಡರು. ಮಿಕ್ಕ ದಾರಿ ಉಪಗ್ರಹ ತನ್ನ ಇಂಧನದಲ್ಲೇ ಹೋಗಬೇಕು. ಇಂತಹ ಉಪಗ್ರಹದ ತೂಕದಲ್ಲಿ ಅರ್ಧದಷ್ಟು, ಕೆಲವು ಸಲ ಅರ್ಧಕ್ಕೂ ಜಾಸ್ತಿ, ಇಂಧನವೇ ಇರುತ್ತದೆ. ಇನ್ನೊಂದು ಮಾತೂ ಇದೆ. ಶ್ರೀಹರಿಕೋಟಾ ಸಮಭಾಜಕದಿಂದ ಸುಮಾರು 13.7 ಡಿಗ್ರಿ ಉತ್ತರಕ್ಕಿದೆ. ಅಲ್ಲಿಂದ ಹಾರಿದ್ದು ಓರೆಯಾದ ಕಕ್ಷೆಗೆ ಹೋಗುತ್ತದೆ. 2017ರ ಜಿಸ್ಯಾಟ್-19 ಉಪಗ್ರಹಕ್ಕೆ ಓರೆ 21.5 ಡಿಗ್ರಿ ಇತ್ತು. ಆ ಓರೆ ತಿದ್ದುವುದಕ್ಕೂ ಇಂಧನ ಸುಡಬೇಕು. ದಕ್ಷಿಣ ಅಮೆರಿಕದಲ್ಲಿರುವ ಯುರೋಪಿನವರ ಉಡಾವಣಾ ಕೇಂದ್ರ ಕೌರು 5 ಡಿಗ್ರಿಯಲ್ಲಿದೆ, ಅವರಿಗೆ ಆ ಖರ್ಚು ಕಡಿಮೆ. ಹಿಂದೆ ನಾವು ಭಾರದ ಉಪಗ್ರಹಗಳನ್ನು ಅಲ್ಲಿಗೆ ಕಳಿಸುತ್ತಿದ್ದೆವು. ದೊಡ್ಡ ರಾಕೆಟ್ ನಮ್ಮಲ್ಲಿ ಇರಲಿಲ್ಲ ಅನ್ನುವುದು ಮುಖ್ಯ ಕಾರಣ, ಜಾಗದ ಅನುಕೂಲ ಅದರ ಮೇಲೆ ಬೋನಸ್.

ಪೀಣ್ಯದ_ತಾತ
ಮಕ್ಕಳೇ, ನಾನು ಇಸ್ರೋದವನಲ್ಲ. ಪೀಣ್ಯದಲ್ಲಿ ಲೇತ್ ಮೆಷಿನ್ ಮೇಲೆ ಮೂವತ್ತು ವರ್ಷ ದುಡಿದವನು. ಆದರೆ ಅಕ್ಕಪಕ್ಕದ ಶೆಡ್ಡಿನಲ್ಲಿ ಏನು ನಡೆಯುತ್ತಿದೆ ಅಂತ ಕಾರ್ಮಿಕರಿಗೆ ಗೊತ್ತಾಗದೆ ಇರುತ್ತದೆಯೇ? ನಮ್ಮ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ, ಯು. ಆರ್. ರಾವ್ ಅವರ ಕೈಕೆಳಗೆ. ಅವರು ನಮ್ಮ ಉಡುಪಿ ಕಡೆಯವರು.

ಆಮೇಲೆ ಬಂತು ಆಪಲ್. ಫೋನ್ ಅಲ್ಲ. ನಮ್ಮ ಮೊದಲ ಭೂಸ್ಥಿರ ಸಂಪರ್ಕ ಉಪಗ್ರಹ. 1981ರ ಜೂನ್ 19ರಂದು ಕೌರುದಿಂದ ಏರಿಯನ್ ರಾಕೆಟ್ ಮೇಲೆ ಹೋಯಿತು. ಎತ್ತಿನ ಗಾಡಿ ಮೇಲೆ ಉಪಗ್ರಹ ಕೂರಿಸಿದ ಫೋಟೊ ನೋಡಿದ್ದೀರಲ್ಲ, ಅದೇ ಇದು. ಆ ಫೋಟೊ ಹಾಕಿ "ಪಾಪ ಬಡದೇಶ, ಲಾರಿ ಇರಲಿಲ್ಲ" ಅಂತ ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಲಾರಿ ಇತ್ತು ಸ್ವಾಮಿ. ಆಂಟೆನಾ ಪರೀಕ್ಷೆ ಮಾಡಬೇಕಿತ್ತು, ಕೆಳಗೆ ಕಬ್ಬಿಣದ ಲಾರಿ ಇದ್ದರೆ ರೇಡಿಯೊ ಅಲೆ ಬಡಿದು ವಾಪಸ್ ಬಂದು ಲೆಕ್ಕ ಕೆಡುತ್ತದೆ. ಮರದ ಗಾಡಿಗೆ ಆ ಕಾಟ ಇಲ್ಲ. ಅದು ಬಡತನ ಅಲ್ಲ, ತಲೆ ಓಡಿಸಿದ್ದು.

ಆಪಲ್ ಮೇಲೆ ಹೋದಾಗ ಒಂದು ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ. ಒಂದೇ ರೆಕ್ಕೆಯಲ್ಲಿ ಎರಡು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿತು. ಇನ್ನೊಂದು ಮಾತು ಜನರಿಗೆ ಗೊತ್ತಿಲ್ಲ. ಅದನ್ನು ಕೊನೆಯಲ್ಲಿ ಮೇಲಕ್ಕೆ ತಳ್ಳಿದ ಮೋಟಾರು ನಮ್ಮ ಎಸ್‌ಎಲ್‌ವಿ-3 ರಾಕೆಟ್ಟಿನ ನಾಲ್ಕನೇ ಹಂತದಿಂದಲೇ ಮಾಡಿಕೊಂಡದ್ದು. ಇದ್ದದ್ದರಲ್ಲೇ ಹೊಂದಿಸಿಕೊಳ್ಳುವುದು ಅಂದರೆ ಅದು.

ಗೌರಿ_ಬೆಂಗಳೂರು
ತಾತ, ಎತ್ತಿನ ಗಾಡಿ ವಿಷಯ ಇವತ್ತೇ ಗೊತ್ತಾಗಿದ್ದು. ನಾನೂ ಆ ಫೋಟೊ "ನೋಡಿ ಎಲ್ಲಿಂದ ಎಲ್ಲಿಗೆ ಬಂದಿದ್ದೇವೆ" ಅಂತ ಫಾರ್ವರ್ಡ್ ಮಾಡಿದವಳೇ. ತಪ್ಪಾಯಿತು.

ರಾಯಚೂರು_ಅಕ್ಕ
ಹಾಸನ, ಬೆಂಗಳೂರು ಅಂತ ಮಾತಾಡುತ್ತಿದ್ದೀರಿ. ನಮ್ಮ ಕಡೆ ಕತೆ ಅದಕ್ಕೂ ಹಳೇದು. 1975ರಲ್ಲಿ ಸೈಟ್ ಎಂಬ ಪ್ರಯೋಗ ಆಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷ ಕಡ ಪಡೆದು ಆರು ರಾಜ್ಯಗಳ 2400 ಹಳ್ಳಿಗಳಿಗೆ ನೇರವಾಗಿ ಟಿವಿ ತೋರಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆ. ಬೆಂಗಳೂರಿನವರು ದೂರದರ್ಶನ ಕೇಂದ್ರದ ಮುಖ ನೋಡುವ ಮೊದಲೇ ನಮ್ಮ ಹಳ್ಳಿಯವರು ಉಪಗ್ರಹದಿಂದ ಟಿವಿ ನೋಡಿದ್ದರು.

ನಮ್ಮವ್ವ ಹೇಳುವುದು ಕೇಳಬೇಕು. ಶಾಲೆಯ ಮುಂದೆ ಕೋಳಿಜಾಲರಿಯಿಂದ ಮಾಡಿದ ದೊಡ್ಡ ಡಿಶ್. ಹೌದು, ಕೋಳಿಜಾಲರಿಯೇ. ಸಂಜೆ ಆದರೆ ಊರಿಗೆ ಊರೇ ಚಾಪೆ, ತಾಡಪಾಲು ಹಾಸಿ ಕೂರುತ್ತಿತ್ತು. ಬೇಸಾಯ, ಆರೋಗ್ಯ, ಮಕ್ಕಳ ಪಾಠ. ಕೆಲವರು ಪೆಟ್ಟಿಗೆ ಮುಂದೆ ಕೈಮುಗಿದು ಕೂರುತ್ತಿದ್ದರಂತೆ. ವರ್ಷ ಮುಗಿಯಿತು. 1976ರ ಜುಲೈ ಮುಗಿಯುತ್ತಿದ್ದ ಹಾಗೆ ಅಮೆರಿಕದವರು ತಮ್ಮ ಉಪಗ್ರಹ ವಾಪಸ್ ತೆಗೆದುಕೊಂಡರು. ಪೆಟ್ಟಿಗೆ ಇತ್ತು, ಜಾಲರಿ ಇತ್ತು, ಚಿತ್ರ ಬರುತ್ತಿರಲಿಲ್ಲ. ಅವ್ವ ಈಗಲೂ "ಬಾಡಿಗೆ ಚಂದ್ರ ಹೋಗಿಬಿಟ್ಟ" ಎನ್ನುತ್ತಾಳೆ.

ತೋಟದ ಮನೆಯಣ್ಣ "ಯಾಕೆ ಬೇಕು" ಅಂತ ಕೇಳಿದರಲ್ಲ, ನನ್ನ ಉತ್ತರ ಇಷ್ಟೇ.

ತೋಟದ_ಮನೆ
ಅಕ್ಕ, "ಬಾಡಿಗೆ ಚಂದ್ರ" ಕೇಳಿ ನನ್ನ ಹತ್ತಿರ ಮಾತಿಲ್ಲ. ಆದರೂ ಮಳೆ ಪ್ರಶ್ನೆ ಹಾಗೇ ಇದೆ!

ಡಿಶ್_ಬಸು
ದಾವಣಗೆರೆಯಿಂದ ಬಸು, ಡಿಶ್ ಫಿಟ್ ಮಾಡುವವನು, ಹದಿನೆಂಟು ವರ್ಷದಿಂದ. ಮಳೆ ಪ್ರಶ್ನೆ ನನಗೆ ಬಿಡಿ.

ಮನೆಗೆ ಹಾಕುವ ಪುಟ್ಟ ಡಿಶ್ ಕೆಯು ಬ್ಯಾಂಡ್. ಅದರ ಅಲೆ ಚಿಕ್ಕದು, ದಪ್ಪ ಮಳೆಹನಿಯಲ್ಲಿ ಸೋರಿಹೋಗುತ್ತದೆ. ಹಿಂದೆ ಕೇಬಲ್‌ನವರು ಛಾವಣಿ ಮೇಲೆ ಇಡುತ್ತಿದ್ದ ದೊಡ್ಡ ಕೊಡೆ ಸಿ ಬ್ಯಾಂಡ್. ಅದಕ್ಕೆ ಮಳೆ ಅಷ್ಟಾಗಿ ತಾಗುವುದಿಲ್ಲ, ಆದರೆ ಕೊಡೆ ಎಂಟು ಹತ್ತು ಅಡಿ ಬೇಕು. ಸಣ್ಣ ಡಿಶ್ ಬೇಕು, ಮಳೆಯಲ್ಲೂ ಬರಬೇಕು, ಎರಡೂ ಸಿಗುವುದಿಲ್ಲ.

ಆದರೆ ಮಲೆನಾಡಲ್ಲಿ ನಾನು ನೋಡಿದ್ದು, ಅರ್ಧ ತಪ್ಪು ಮಳೆಯದ್ದು, ಅರ್ಧ ತಪ್ಪು ಫಿಟ್ ಮಾಡಿದವನದ್ದು. ಬಿಸಿಲಲ್ಲಿ ಮೀಟರ್ ಹಿಡಿದು "ಬಂತು ಸಾರ್" ಅಂತ ಹೇಳಿ ಹೋಗಿರುತ್ತಾರೆ. ಸಿಗ್ನಲ್ ಕ್ವಾಲಿಟಿ 60ಕ್ಕೇ ಬಿಟ್ಟಿರುತ್ತಾರೆ. ಬಿಸಿಲಲ್ಲಿ ಅದು ಸಾಕು, ಮಳೆಗೆ ಸಾಲದು. ಇನ್ನೂ ಒಂದು ಕೂದಲೆಳೆ ತಿರುಗಿಸಿ, ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಸ್ವಲ್ಪ ಓರೆ ಮಾಡಿ 85, 90 ತಂದಿದ್ದರೆ ಸಾಧಾರಣ ಮಳೆ ತಡೆಯುತ್ತಿತ್ತು. ಆಮೇಲೆ ಕನೆಕ್ಟರ್ ಒಳಗೆ ನೀರು. ಎಲ್‌ಎನ್‌ಬಿ ಬಾಯಿಗೆ ಜೇಡ ಗೂಡು ಕಟ್ಟಿರುತ್ತದೆ. ಒಂದು ಕಡೆ ಅಡಿಕೆ ಮರ ಬೆಳೆದು ಅಡ್ಡ ಬಂದಿತ್ತು, ಮನೆಯವರು ಎರಡು ವರ್ಷ ಉಪಗ್ರಹವನ್ನೇ ಬೈದಿದ್ದರು.

ನಮ್ಮ ಕಡೆ ಡಿಶ್ ತುಂಬಾ ಮೇಲೆ ನೋಡುತ್ತದೆ, ನಾವು ಸಮಭಾಜಕಕ್ಕೆ ಹತ್ತಿರ ಇದ್ದೇವಲ್ಲ. 83 ಡಿಗ್ರಿಯದ್ದಾದರೆ ದಕ್ಷಿಣದಿಂದ ಸ್ವಲ್ಪ ಪೂರ್ವಕ್ಕೆ, ಹೆಚ್ಚುಕಡಿಮೆ ನೆತ್ತಿ ಕಡೆ. 93.5 ಆದರೆ ಆಗ್ನೇಯ. ನಾನು ಹೊಸ ಹುಡುಗರಿಗೆ ಹೇಳುವುದು, ಅಡುಗೆಮನೆ ಮೂಲೆ ಕಡೆ ತಿರುಗಿಸೋ ಅಂತ.

ಪಿಯು_ಮೇಷ್ಟ್ರು
ಬಸು ಅವರೇ, ನಿಮ್ಮನ್ನು ನಮ್ಮ ಕಾಲೇಜಿಗೆ ಕರೆಸಬೇಕು. ಒಂದು ಸೇರಿಸುತ್ತೇನೆ. ಮಾರ್ಚ್‌ನಲ್ಲಿ, ಮತ್ತೆ ಸೆಪ್ಟೆಂಬರ್ ಕೊನೆ ಅಕ್ಟೋಬರ್ ಮೊದಲಲ್ಲಿ, ಕೆಲವು ದಿನ ಹಗಲು ಹೊತ್ತು ಕೆಲವೇ ನಿಮಿಷ ಚಿತ್ರ ಒಡೆಯುತ್ತದೆ. ಮೋಡವೇ ಇರುವುದಿಲ್ಲ. ಆಗ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದಿರುತ್ತಾನೆ, ಡಿಶ್‌ಗೆ ಸೂರ್ಯನ ಗದ್ದಲವೇ ಕೇಳುತ್ತದೆ. ಅದೇ ದಿನಗಳ ರಾತ್ರಿ ಉಪಗ್ರಹ ಭೂಮಿಯ ನೆರಳಿಗೆ ಬೀಳುತ್ತದೆ, ಜಾಸ್ತಿ ಅಂದರೆ 72 ನಿಮಿಷ. ಆಗ ಬ್ಯಾಟರಿ ಮೇಲೆ ಬದುಕಬೇಕು.

ಕೆಳಗೆ ಸುತ್ತುವ ಇಂಟರ್ನೆಟ್ ಉಪಗ್ರಹಗಳ ವಿಷಯ ತೋಟದ ಮನೆಯವರು ಹೇಳಿದ್ದು ಅರ್ಧ ಸರಿ. ಅವು 550 ಕಿಮೀ ಎತ್ತರದಲ್ಲಿವೆ, ಮಾತು ತಡವಾಗುವುದಿಲ್ಲ. ಭೂಸ್ಥಿರದ್ದಕ್ಕೆ ಹೋಗಿ ಬರುವುದು 72 ಸಾವಿರ ಕಿಮೀ, ಬೆಳಕಿಗೂ ಕಾಲು ಸೆಕೆಂಡ್ ಬೇಕು. ನೀವು ಮಾತಾಡಿ ಉತ್ತರ ಬರುವುದಕ್ಕೆ ಅರ್ಧ ಸೆಕೆಂಡ್. ಫೋನ್ ಕರೆಗೆ ಕಿರಿಕಿರಿ, ಟಿವಿಗೆ ಏನೂ ಅಲ್ಲ. ಆದರೆ ಕೆಳಗಿನವಕ್ಕೆ ಸಾವಿರಾರು ಬೇಕು, ಮೇಲಿನದ್ದು ಒಂದಿದ್ದರೆ ಇಡೀ ದೇಶ, ಜೊತೆಗೆ ಸುತ್ತಲಿನ ಸಮುದ್ರ ಕಾಣುತ್ತದೆ. ನಡುಸಮುದ್ರದ ಹಡಗಿಗೆ ಫೈಬರ್ ಎಳೆಯಲು ಆಗುತ್ತದೆಯೇ?

ಸಾಲಗಾಮೆ_ಸೀನ
ಈಗ ನನ್ನ ಮೂಲ ವಿಷಯಕ್ಕೆ ವಾಪಸ್. "ಆಮೇಲೆ" ಎಷ್ಟು ಕಷ್ಟ ಅನ್ನುವುದಕ್ಕೆ ಜಿಸ್ಯಾಟ್-6ಎ ಸಾಕು.

2018ರ ಮಾರ್ಚ್ 29. ಜಿಎಸ್‌ಎಲ್‌ವಿ ರಾಕೆಟ್ ಸೊಗಸಾಗಿ ಹಾರಿತು. ಆರು ಮೀಟರ್ ಅಗಲದ ಬಿಚ್ಚಿಕೊಳ್ಳುವ ಆಂಟೆನಾ ಇದ್ದ ಉಪಗ್ರಹ. ಮರುದಿನ ಹಾಸನದಿಂದ ಮೊದಲ ಸಲ ಎಂಜಿನ್ ಹೊತ್ತಿಸಿದರು, ಸರಿಯಾಯಿತು. ಮಾರ್ಚ್ 31ಕ್ಕೆ ಎರಡನೇ ಸಲ, ಅದೂ ಸರಿಯಾಯಿತು. ಏಪ್ರಿಲ್ 1ಕ್ಕೆ ಮೂರನೇ ಸಲ ಹೊತ್ತಿಸಬೇಕು. ಅಷ್ಟರಲ್ಲಿ ಸಂಪರ್ಕ ಕಡಿಯಿತು. ಮತ್ತೆ ಸಿಗಲೇ ಇಲ್ಲ. ರಾಕೆಟ್ ತಪ್ಪು ಮಾಡಿರಲಿಲ್ಲ. ಟಿವಿಯವರು ಚಪ್ಪಾಳೆ ತಟ್ಟಿ ಮೂರು ದಿನ ಆಗಿತ್ತು.

ಆ ಸಂಜೆ ಅಂಗಡಿಗೆ ಬಂದವರು ಯಾರೂ ಏನೂ ಹೇಳಲಿಲ್ಲವಂತೆ. ಅವರು ಹೇಳುವುದೂ ಇಲ್ಲ, ಮಾವ ಕೇಳುವುದೂ ಇಲ್ಲ, ಅದೊಂದು ಒಪ್ಪಂದ. ಒಬ್ಬರು ಟೀ ಲೋಟ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು, ಟೀ ಆರಿ ಕೆನೆ ಕಟ್ಟಿತು, ಕುಡಿಯದೆ ದುಡ್ಡು ಇಟ್ಟು ಹೋದರು. "ಆಗಲೇ ಗೊತ್ತಾಯ್ತು ನನಗೆ" ಎನ್ನುತ್ತಾನೆ ಮಾವ.

ಅದರ ಪರಿಣಾಮ ನೋಡಿ. ಆಗಲೇ ಕೌರು ಸೇರಿದ್ದ ಜಿಸ್ಯಾಟ್-11 ಎಂಬ 5854 ಕೆಜಿಯ ದೈತ್ಯನನ್ನು ಮತ್ತೆ ಪರೀಕ್ಷೆ ಮಾಡಲು ಬೆಂಗಳೂರಿಗೆ ವಾಪಸ್ ತರಿಸಿದರು. ವಿಮಾನ ಖರ್ಚು ಹೋಗಲಿ, ಮಾನ ಹೋಗಲಿ, ಇನ್ನೊಂದು ಸಲ ನೋಡಿಬಿಡೋಣ ಅಂತ. ಅದೇ ವರ್ಷ ಡಿಸೆಂಬರ್ 5ರಂದು ಏರಿಯನ್-5 ಮೇಲೆ ಹೋಯಿತು, ಕೆಲಸವೂ ಮಾಡಿತು. ಇಸ್ರೋದ ನಿರ್ಧಾರಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ, ಚಂದ್ರಯಾನಕ್ಕಿಂತ.

ಸಿಂಪಲ್_ಗೌಡ
ಚಂದ್ರಯಾನಕ್ಕಿಂತ?! ಸೀನ, ಹೊರಗೆ ಎಲ್ಲೂ ಹೇಳಬೇಡ.

ಗೌರಿ_ಬೆಂಗಳೂರು
2025ರಲ್ಲೂ ಆಯಿತಲ್ಲ. ಜನವರಿ 29ರ ಎನ್‌ವಿಎಸ್-02. ಅದು ದಾರಿ ತೋರಿಸುವ ಉಪಗ್ರಹ, ಸಂಪರ್ಕದ್ದಲ್ಲ, ಆದರೆ ಹೋಗುವ ದಾರಿ ಇದೇ. ಶ್ರೀಹರಿಕೋಟಾದಿಂದ ನೂರನೇ ಉಡಾವಣೆ ಅಂತ ಎಲ್ಲ ಕಡೆ ಸಂಭ್ರಮ. ಆಮೇಲೆ ಎಂಜಿನ್‌ಗೆ ಆಕ್ಸಿಡೈಸರ್ (ಇಂಧನ ಉರಿಯಲು ಬೇಕಾದದ್ದು) ಬಿಡುವ ವಾಲ್ವ್ ತೆರೆಯಲಿಲ್ಲ. ಮೊಟ್ಟೆ ಆಕಾರದಲ್ಲೇ ಉಳಿಯಿತು. ಒಂದು ವಾಲ್ವ್! ನಮ್ಮ ಮನೆ ಗ್ಯಾಸ್ ರೆಗ್ಯುಲೇಟರ್ ಕೈಕೊಟ್ಟರೆ ಬಡಿದು ಸರಿಮಾಡುತ್ತೇವೆ. ಅಲ್ಲಿ ಬಡಿಯುವುದಕ್ಕೆ ಯಾರು ಹೋಗುತ್ತಾರೆ?

ಪೀಣ್ಯದ_ತಾತ
ಬಡಿಯುವುದಕ್ಕೆ ಆಗುವುದಿಲ್ಲ, ಅಲ್ಲಾಡಿಸುವುದಕ್ಕೆ ಆಗುತ್ತದೆ ತಾಯಿ. ನಮ್ಮ ಇನ್ಸಾಟ್ ಉಪಗ್ರಹಗಳ ಕಾಲದ್ದು ಹೇಳುತ್ತೇನೆ.

ಇನ್ಸಾಟ್-1ಎ 1982ರ ಏಪ್ರಿಲ್‌ನಲ್ಲಿ ಅಮೆರಿಕದಿಂದ ಹೋಯಿತು. ಮಾಡಿದ್ದೂ ಅಮೆರಿಕದ ಕಂಪನಿ. ಹಾಸನದ ಕೇಂದ್ರ ಶುರುವಾದದ್ದು ಆಗಲೇ. ಅಂದರೆ ಕೈಗೆ ಸಿಕ್ಕಿದ ಮೊದಲ ಕೂಸೇ ರೋಗಿಷ್ಟ. ಆಂಟೆನಾ ಬಿಚ್ಚಲು ಒದ್ದಾಟ, ಇಂಧನ ನೀರಿನ ಹಾಗೆ ಖರ್ಚು. ಆ ವರ್ಷ ಆಗಸ್ಟ್ 15ಕ್ಕೆ ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮ ಅದರ ಮೂಲಕವೇ ಶುರುವಾಯಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಅದು ಸತ್ತಿತು. ಐದು ತಿಂಗಳೂ ತುಂಬಿರಲಿಲ್ಲ.

ಮರುವರ್ಷ ಇನ್ಸಾಟ್-1ಬಿ. ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ಶಟಲ್‌ನಲ್ಲಿ ಹೋಯಿತು, 1983ರ ಆಗಸ್ಟ್ 30. ಶಟಲ್ ಮೊದಲ ಸಲ ರಾತ್ರಿ ಹೊತ್ತು ಹಾರಿದ್ದು ಅವತ್ತೇ. ಯಾಕೆ ಗೊತ್ತಾ? ನಮ್ಮ ಉಪಗ್ರಹವನ್ನು ಬಿಡುವ ಹೊತ್ತಿಗೆ ಸರಿಹೊಂದಬೇಕು ಅಂತ. ಈ ವಿಷಯ ಓದಿದಾಗ ಎದ್ದು ಮನೆಯವರಿಗೆಲ್ಲ ಓದಿ ಹೇಳಿದ್ದೆ. ಮೇಲೆ ಹೋದ ಮೇಲೆ ಅದರ ಸೌರಫಲಕವೂ ಸಿಕ್ಕಿಕೊಂಡಿತು. ಹಾಸನದಲ್ಲಿ ಕೂತವರಿಗೆ ಆಗ ಹೇಗಾಗಿರಬೇಡ? ಎರಡನೇದೂ ಹೋಯಿತು ಅಂತಲೇ ಅಂದುಕೊಂಡಿರುತ್ತಾರೆ. ಸೆಪ್ಟೆಂಬರ್ ನಡುವಿನವರೆಗೆ ಒದ್ದಾಡಿ ಕೊನೆಗೂ ಬಿಚ್ಚಿಸಿದರು. ಅದೇ ಉಪಗ್ರಹ ಏಳು ವರ್ಷ ದುಡಿಯಿತು. ಎಂಬತ್ತರ ದಶಕದಲ್ಲಿ ಊರೂರಿಗೆ ಟಿವಿ ಕಂಬ ನೆಟ್ಟರಲ್ಲ, ಅದು ಇದರ ಪುಣ್ಯ. ನಮ್ಮ ಬೀದಿಯಲ್ಲಿ ಒಂದೇ ಮನೆಯಲ್ಲಿ ಟಿವಿ, ಭಾನುವಾರ ಬೆಳಿಗ್ಗೆ ಅವರ ಹಜಾರದಲ್ಲಿ ಚಪ್ಪಲಿ ಲೆಕ್ಕ ಸಿಗುತ್ತಿರಲಿಲ್ಲ.

ಡಿಶ್_ಬಸು
ತಾತ, ಮೇಲಿನ ಡಿಶ್ ಸಿಕ್ಕಿಕೊಂಡರೂ ಕೆಳಗೆ ಕೂತು ಬಿಚ್ಚುತ್ತಾರೆ. ನಮ್ಮ ಹುಡುಗರಿಗೆ ಛಾವಣಿ ಹತ್ತಿದರೂ ನಟ್ಟು ಬಿಚ್ಚಲು ಬರುವುದಿಲ್ಲ.

ತೋಟದ_ಮನೆ
ಸರಿ, ಸೋತೆ. ಒಂದು ಕಡೇ ಪ್ರಶ್ನೆ. ಜಾಗಕ್ಕೆ ಹೋಗಿ ಕೂತ ಮೇಲಾದರೂ ಹಾಸನದವರಿಗೆ ನಿದ್ದೆ ಉಂಟಾ?

ಪಿಯು_ಮೇಷ್ಟ್ರು
ಇಲ್ಲ. ಸೂರ್ಯ, ಚಂದ್ರ ಎಳೆಯುತ್ತಿರುತ್ತಾರೆ, ಉಪಗ್ರಹ ಉತ್ತರ ದಕ್ಷಿಣಕ್ಕೆ ವಾಲುತ್ತದೆ. ಭೂಮಿ ಪೂರ್ತಿ ದುಂಡಗಿಲ್ಲ, ಅದಕ್ಕೆ ಪೂರ್ವ ಪಶ್ಚಿಮಕ್ಕೂ ಜಾರುತ್ತದೆ. ಆಗಾಗ ಪುಟ್ಟ ಥ್ರಸ್ಟರ್ ಊದಿ ಸರಿಮಾಡುತ್ತಿರಬೇಕು. ಹದಿನೈದು ವರ್ಷ ಆಯುಸ್ಸು ಅಂದರೆ ಯಂತ್ರ ಹದಿನೈದು ವರ್ಷಕ್ಕೆ ಕೆಡುತ್ತದೆ ಅಂತಲ್ಲ, ಆ ಊದುವ ಇಂಧನ ಮುಗಿಯುತ್ತದೆ ಅಂತ. ಕೊನೆಯ ಸ್ವಲ್ಪ ಇಂಧನ ಉಳಿಸಿಕೊಂಡು ಅದನ್ನು ಇನ್ನೂ ಮುನ್ನೂರು ಕಿಮೀಯಷ್ಟು ಮೇಲೆ ತಳ್ಳಿ ಬಿಡಬೇಕು, ಬೇರೆಯವರಿಗೆ ಜಾಗ ಬೇಕಲ್ಲ. ಸ್ಮಶಾನ ಕಕ್ಷೆ ಅನ್ನುತ್ತಾರೆ. ಅದೂ ಹಾಸನದ ಕೆಲಸವೇ, ಜೊತೆಗೆ 2005ರಿಂದ ಭೋಪಾಲದ್ದೂ ಒಂದು ಕೇಂದ್ರ ಇದೆ.

ಸಿಂಪಲ್_ಗೌಡ
ಬಾಣಂತನದಿಂದ ತಿಥಿವರೆಗೆ ಎಲ್ಲ ಹಾಸನದವರೇ. ಇನ್ನು ನಿಮ್ಮ ಊರಿನವರ ಕೊಬ್ಬು ಇಳಿಸುವುದು ಕಷ್ಟ.

ರಾಯಚೂರು_ಅಕ್ಕ
ಅವ್ವನಿಗೆ ಇದೆಲ್ಲ ಓದಿ ಹೇಳಿದೆ. ಎಂಜಿನ್ ಅಕ್ಕಿ ಮೂಟೆ ಬಲದ್ದು ಅಂದಾಗ ನಕ್ಕಳು. ಮೇಷ್ಟ್ರಿಗೆ ಅವಳದ್ದೊಂದು ಪ್ರಶ್ನೆ: ಆ ಬಾಡಿಗೆ ಚಂದ್ರ ಈಗ ಎಲ್ಲಿದ್ದಾನೆ?

ಪಿಯು_ಮೇಷ್ಟ್ರು
ಅವ್ವನಿಗೆ ನಮಸ್ಕಾರ ಹೇಳಿ. ಅದನ್ನು 1979ರಲ್ಲಿ ನಿವೃತ್ತಿ ಮಾಡಿದರು, ಉಂಗುರದಿಂದ ಆಚೆ ತಳ್ಳಿದರು. ಅಷ್ಟು ಎತ್ತರದಲ್ಲಿ ಗಾಳಿ ಇಲ್ಲ, ಕೆಳಗೆ ಬೀಳುವುದಿಲ್ಲ. ಈಗಲೂ ಮೇಲೇ ಸುತ್ತುತ್ತಿದೆ.

ತೋಟದ_ಮನೆ
ಬಸಣ್ಣ, ನಮ್ಮ ಮನೆ ಡಿಶ್ ನೋಡಿದೆ. ಕ್ವಾಲಿಟಿ 58. ನೀವು ಹೇಳಿದ ಹಾಗೇ ಎಲ್‌ಎನ್‌ಬಿ ಬಾಯಲ್ಲಿ ಜೇಡ. ಜೊತೆಗೆ ಎದುರಿಗಿದ್ದ ಸಿಲ್ವರ್ ಓಕ್ ಕೊಂಬೆ ಕೂಡ ಸರಿಯಾಗಿ ಆಗ್ನೇಯಕ್ಕೇ ಚಾಚಿದೆ. ಸಕಲೇಶಪುರದ ಕಡೆ ಯಾವಾಗಲಾದರೂ ಬರುತ್ತೀರಾ?

ಡಿಶ್_ಬಸು
ಅಷ್ಟು ದೂರ ಒಂದು ಡಿಶ್‌ಗೆ ಬಂದರೆ ಬಸ್ ಚಾರ್ಜೂ ಹುಟ್ಟುವುದಿಲ್ಲ ಅಣ್ಣ. ಹಾಸನದಲ್ಲಿ ನಮ್ಮ ಶಿಷ್ಯ ಒಬ್ಬ ಇದ್ದಾನೆ, ನಂಬರ್ ಖಾಸಗಿಯಾಗಿ ಕಳಿಸುತ್ತೇನೆ. ಕೊಂಬೆ ಮೊದಲು ಕಡಿಸಿಡಿ. 85 ಬರುವವರೆಗೆ ದುಡ್ಡು ಕೊಡಬೇಡಿ.

ಸಾಲಗಾಮೆ_ಸೀನ
ಶಿಷ್ಯ ಬಂದರೆ ಮಾವನ ಅಂಗಡಿಯಲ್ಲಿ ಟೀ ನನ್ನ ಲೆಕ್ಕಕ್ಕೆ. ಇವತ್ತು ಹೋಗಿದ್ದೆ. ಬನ್ ಇನ್ನೂ ಜಾಸ್ತಿಯೇ ತರಿಸುತ್ತಿದ್ದಾನೆ.